ಒಂದು ತಿಂಗಳ ಮೇಲೆ ಬಂದು ಕೇಳಿದವರು

ನಮಸ್ಕಾರ. ಮೂರು ಬೆರಳಲ್ಲಿ ಹಿಡಿಯೋ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು (ಸುಮಾರು ಅರ್ಧ ಲೀಟರ್) ನೀರು. ವಾಂತಿಭೇದಿ ಆದ ಮಗುವಿಗೆ ಇದನ್ನ ಕದಡಿ ಗುಟುಕು ಗುಟುಕಾಗಿ ಕುಡಿಸಬೇಕು. ಇವತ್ತಿನ ಮಾತೆಲ್ಲ ಈ ಉಪ್ಪು-ಬೆಲ್ಲದ ನೀರಿನ ಸುತ್ತಾನೇ.

ಎನ್‌ಜಿಓ ಅಂದ ಕೂಡಲೇ ನಮ್ಮಲ್ಲಿ ಎರಡು ಮಾತು ಬರುತ್ತೆ. ಒಬ್ಬರು "ಫಾರಿನ್ ದುಡ್ಡು ತಿನ್ನೋರು" ಅಂತಾರೆ, ಇನ್ನೊಬ್ಬರು "ದೇವರಂಥ ಜನ" ಅಂತಾರೆ. ಎರಡರಿಂದಲೂ ನಮಗೆ ಏನೂ ತಿಳಿಯಲ್ಲ. ನಾನು ಯಾವುದೇ ಸಂಸ್ಥೆ ನೋಡಿದ್ರೂ ಮೊದಲು ಕೇಳೋದು ಒಂದೇ: ಇವರು ಏನನ್ನ ಎಣಿಸ್ತಾರೆ?

ಈ ಪ್ರಶ್ನೆ ನನಗೆ ಬಂದಿದ್ದು ಅನುಭವದಿಂದ. ಒಂದು ವರ್ಷ ಒಂದು ಸಂಸ್ಥೆಯಲ್ಲಿ ಕ್ಷೇತ್ರ ಕಾರ್ಯಕರ್ತನಾಗಿದ್ದೆ. ಪೌಷ್ಟಿಕ ಆಹಾರದ ತರಬೇತಿ. ಹೆಂಗಸರು ಕೂಲಿ ಬಿಟ್ಟು ಬರೋರು, ಬ್ಯಾನರ್ ಕಟ್ಟೋದು, ಚಹಾ ಬಿಸ್ಕತ್ತು, ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು, ಕೊನೆಗೆ ಒಂದು ಗ್ರೂಪ್ ಫೋಟೋ. ವರದಿಯಲ್ಲಿ ಬರೀತಿದ್ದೆ: ಇಂತಿಷ್ಟು ಜನ ಫಲಾನುಭವಿಗಳು. ಆ ಹೆಂಗಸರಿಗೆ ಏನು ನೆನಪುಳಿದಿದೆ ಅಂತ ನನ್ನನ್ನ ಯಾರೂ ಕೇಳಲಿಲ್ಲ. ನಾನೂ ಹೋಗಿ ಕೇಳಲಿಲ್ಲ. ಅದು ಇವತ್ತಿಗೂ ನನ್ನನ್ನ ಚುಚ್ಚುತ್ತೆ.

ಈಗ ಬಾಂಗ್ಲಾದೇಶಕ್ಕೆ ಹೋಗೋಣ. 1971ರ ಯುದ್ಧ ಮುಗಿದಿತ್ತು. ಫಜ್ಲೆ ಹಸನ್ ಅಬೇದ್ ಅನ್ನೋರು ಶೆಲ್ ಕಂಪನಿಯಲ್ಲಿ ಲೆಕ್ಕಪತ್ರದ ದೊಡ್ಡ ಹುದ್ದೆಯಲ್ಲಿದ್ದವರು. ಲಂಡನ್ನಿನಲ್ಲಿದ್ದ ತಮ್ಮ ಫ್ಲ್ಯಾಟ್ ಮಾರಿ, 1972ರಲ್ಲಿ ಸಿಲ್ಹೆಟ್ ಕಡೆಯ ಸುಲ್ಲಾ ಅನ್ನೋ ಪ್ರದೇಶದಲ್ಲಿ ಸಂತ್ರಸ್ತರಿಗೆ ಪುನರ್ವಸತಿ ಶುರು ಮಾಡಿದ್ರು. ಅದೇ ಬ್ರಾಕ್. ಮುಂದೆ ಅದು ಜಗತ್ತಿನ ಅತಿ ದೊಡ್ಡ ಸರ್ಕಾರೇತರ ಸಂಸ್ಥೆಗಳಲ್ಲಿ ಒಂದಾಯ್ತು.

ಆಗ ಆ ದೇಶದಲ್ಲಿ ಮಕ್ಕಳು ಭೇದಿಯಿಂದ ಸಾಯ್ತಿದ್ರು. ಔಷಧ ಗೊತ್ತಿಲ್ಲ ಅಂತೇನಿರಲಿಲ್ಲ. ಕಾಲರಾ ಬಂದ ಕರುಳು ಕೂಡ, ಸಕ್ಕರೆ ಜೊತೆಗಿದ್ರೆ ಉಪ್ಪನ್ನ ಹೀರಿಕೊಳ್ಳುತ್ತೆ, ಅದರ ಹಿಂದೆ ನೀರೂ ಹೋಗುತ್ತೆ. 1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯದಲ್ಲೇ ಇದು ರೋಗಿಗಳ ಮೇಲೆ ಸಾಬೀತಾಗಿತ್ತು. 1971ರಲ್ಲಿ ಗಡಿಯ ಈಚೆ, ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ, ವೈದ್ಯ ದಿಲೀಪ್ ಮಹಲನಬಿಸ್ ಡ್ರಿಪ್ ಬಾಟಲಿ ಮುಗಿದುಹೋದಾಗ ಇದನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸೋ ವ್ಯವಸ್ಥೆ ಮಾಡಿದ್ರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗೆ ಇಳೀತು. ವಿಜ್ಞಾನ ಸಿದ್ಧವಾಗಿತ್ತು. ಆದ್ರೆ ದೋಣಿ ಬಿಟ್ರೆ ದಾರಿಯಿಲ್ಲದ ಹಳ್ಳಿಯ ಗುಡಿಸಲಿಗೆ ಅದನ್ನ ತಲುಪಿಸೋರು ಯಾರು? ಉಪ್ಪು-ಸಕ್ಕರೆ ಬೆರೆಸಿದ ಪುಡಿಯ (ಓಆರ್‌ಎಸ್) ಪೊಟ್ಟಣ ಹಂಚೋಣ ಅಂದ್ರೆ ಅಷ್ಟು ಪೊಟ್ಟಣ ಇಲ್ಲ, ಹಂಚೋ ಅಂಗಡಿ ಇಲ್ಲ. ಉಪ್ಪು ಬೆಲ್ಲ ಮಾತ್ರ ಮನೆಯಲ್ಲೇ ಇತ್ತು.

1980ರಿಂದ 1990ರವರೆಗೆ, ಹತ್ತು ವರ್ಷ, ಬ್ರಾಕ್‌ನ ಹುಡುಗಿಯರು ಮನೆ ಮನೆಗೆ ನಡೆದ್ರು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆ. ಅಂಗಳದಲ್ಲಿ ಕೂತು ಆ ತಾಯಿಯ ಕೈಯಲ್ಲೇ ಕದಡಿಸೋರು. ಅವಳ ಮನೆಯ ಪಾತ್ರೆಯಲ್ಲೇ ಅರ್ಧ ಸೇರಿಗೆ ಗುರುತು ಹಾಕಿಕೊಡೋರು. ಅವಳ ಬೆರಳು, ಅವಳ ಹಿಡಿ, ಅವಳ ಪಾತ್ರೆ.

ಇಲ್ಲಿವರೆಗೆ ಇದೂ ಒಂದು ತರಬೇತಿ ಅಷ್ಟೇ. ಬೇರೆ ಆಗಿದ್ದು ಆಮೇಲೆ. ಸುಮಾರು ಒಂದು ತಿಂಗಳ ಮೇಲೆ, ಕಲಿಸಿದವಳಲ್ಲ, ಬೇರೊಬ್ಬರು ಬರೋರು. ಪಟ್ಟಿಯಿಂದ ಹೆಕ್ಕಿದ ಕೆಲವು ಮನೆಗಳಿಗೆ ಮಾತ್ರ. "ಅಮ್ಮಾ, ಆ ನೀರು ಹೇಗೆ ಮಾಡ್ತೀರಿ, ಮಾಡಿ ತೋರಿಸಿ" ಅನ್ನೋರು. ಆ ನೀರಿನ ಸ್ಯಾಂಪಲ್ ತಗೊಂಡು ಹೋಗಿ ಉಪ್ಪು ಸರಿಯಿದೆಯಾ ಅಂತ ಪರೀಕ್ಷೆ ಮಾಡೋರು. ಉಪ್ಪು ಜಾಸ್ತಿ ಆದ್ರೆ ಮಗುವಿಗೆ ಅಪಾಯ, ಅದಕ್ಕೆ. ತಾಯಿಗೆ ಎಷ್ಟು ನೆನಪಿದೆಯೋ, ಕಲಿಸಿದವಳ ಸಂಬಳ ಅದರ ಮೇಲೆ ನಿಂತಿತ್ತು.

ಎಷ್ಟು ಮನೆ ಮುಟ್ಟಿದ್ರಿ ಅಂತ ಕೇಳಿ ದುಡ್ಡು ಕೊಡಲಿಲ್ಲ. ಆ ಮನೆಯಲ್ಲಿ ಏನು ಉಳೀತು ಅಂತ ಕೇಳಿ ಕೊಟ್ರು. ನನ್ನ ಹಾಜರಿ ಪುಸ್ತಕಕ್ಕೂ ಇದಕ್ಕೂ ಎಷ್ಟು ದೂರ ಅಂತ ಯೋಚಿಸಿ.

ಇಷ್ಟಾದ್ರೂ ಮೊದಮೊದಲು ಸೋತ್ರು. ತಾಯಂದಿರಿಗೆ ಪಾಠ ಬಾಯಿಗೆ ಬರ್ತಿತ್ತು, ಆದ್ರೆ ಮಗುವಿಗೆ ಭೇದಿ ಆದಾಗ ಕುಡಿಸ್ತಿದ್ದೋರು ಕೆಲವೇ ಜನ. ಯಾಕೆ ಅಂತ ಹುಡುಕಿದ್ರು. ಒಂದು ಕಾರಣ ಅಂಗಳದಲ್ಲೇ ಇತ್ತು: ಗಂಡಸರನ್ನ ದೂರ ಇಟ್ಟಿದ್ರು, ಅವರಿಗೆ ಅಸಮಾಧಾನ. ಇನ್ನೊಂದು ಕಾರಣ ಸಂಸ್ಥೆಯ ಒಳಗೇ ಇತ್ತು. ಕಲಿಸೋ ಹುಡುಗಿಯರಿಗೇ ಆ ನೀರಿನ ಮೇಲೆ ನಂಬಿಕೆ ಇರಲಿಲ್ಲ, ತಮಗೆ ಭೇದಿ ಆದ್ರೆ ಮಾತ್ರೆ ನುಂಗ್ತಿದ್ರು! ಅವರನ್ನ ಢಾಕಾದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬಸವಳಿದ ರೋಗಿಗಳು ಬರೀ ಈ ನೀರು ಕುಡಿದು ಎದ್ದು ಕೂರೋದನ್ನ ತೋರಿಸಿದ್ರು. ಊರಲ್ಲಿ ಗಂಡಸರ ಸಭೆ ಕರೆದ್ರು, ಮಸೀದಿಯಲ್ಲಿ ಮಾತಾಡಿದ್ರು. ಬಳಕೆ ಏರ್ತಾ ಹೋಯ್ತು. ತನ್ನ ಸೋಲನ್ನ ತಾನೇ ಹುಡುಕಿಕೊಂಡು ಹೋಗೋ ಈ ಗುಣ ನನಗೆ ಆ ಹತ್ತು ವರ್ಷದ ಅತಿ ದೊಡ್ಡ ಪಾಠ. ಪ್ರಾಜೆಕ್ಟ್ ಮೂರು ವರ್ಷಕ್ಕೆ ಮುಗಿಯುತ್ತೆ ಅಂದ್ರೆ ಸೋಲು ಕಾಣೋ ಹೊತ್ತಿಗೆ ಆಫೀಸಿಗೆ ಬೀಗ ಬಿದ್ದಿರುತ್ತೆ.

ಬಾಂಗ್ಲಾದಲ್ಲಿ 1990ರಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಸಾವಿರಕ್ಕೆ ಸುಮಾರು 145 ಇತ್ತು, ಈಗ 30ರ ಆಸುಪಾಸು. ಇದೆಲ್ಲ ಬ್ರಾಕ್ ಮಾಡಿದ್ದು ಅಂದ್ರೆ ಸುಳ್ಳಾಗುತ್ತೆ. ಲಸಿಕೆ ಸರ್ಕಾರದ್ದು, ಹೆಣ್ಣುಮಕ್ಕಳ ಓದು ಇದೆ, ಸಂಶೋಧಕರ ಕೆಲಸ ಇದೆ. ಸಂಸ್ಥೆ ಸರ್ಕಾರದ ಜಾಗದಲ್ಲಿ ಕೂರೋಕೆ ಆಗಲ್ಲ, ಕೂರಲೂಬಾರದು.

ಇನ್ನು ಅದೇ ನೆಲದ ಇನ್ನೊಂದು ಕಥೆ. ಬಡ ಹೆಂಗಸರಿಗೆ ಅಡಮಾನ ಇಲ್ಲದ ಕಿರುಸಾಲ. ಮುಹಮ್ಮದ್ ಯೂನುಸ್ ಶುರು ಮಾಡಿದ ಬಾಂಗ್ಲಾದ ಗ್ರಾಮೀಣ ಬ್ಯಾಂಕ್ 1983ರಲ್ಲಿ ಅಧಿಕೃತವಾಗಿ ಬ್ಯಾಂಕ್ ಆಯ್ತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಬ್ರಾಕ್ ಕೂಡ ದೊಡ್ಡ ಸಾಲದಾತ. ಇಲ್ಲಿ ಎಣಿಕೆ ಬೇರೆ: ಮರುಪಾವತಿ ಶೇಕಡಾ ಎಷ್ಟು. ಕಂತು ಕಟ್ಟಿದಳಾ ಅನ್ನೋದು ಕಾಗದದಲ್ಲಿ ಕಾಣುತ್ತೆ, ಕೋಳಿ ಮಾರಿ ಕಟ್ಟಿದಳಾ, ಇನ್ನೊಂದು ಸಾಲ ಮಾಡಿ ಕಟ್ಟಿದಳಾ ಅನ್ನೋದು ಕಾಣಲ್ಲ. ಆ ಕಲ್ಪನೆ ಗಡಿ ದಾಟಿ, ಲಾಭದ ಕಂಪನಿಗಳ ಕೈಗೆ ಬಂದು, ಕೊನೆಗೆ ಎಲ್ಲಿಗೆ ಮುಟ್ಟಿತು ಅನ್ನೋದು ನಮಗೆ ಗೊತ್ತು. ಮನೆ ಮುಂದೆ ನಿಂತು ಕಂತು ವಸೂಲಿ ಮಾಡೋ ಕಿರುಕುಳ ತಡೆಯೋಕೆ ನಮ್ಮ ಕರ್ನಾಟಕ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯ್ತು.

ನೋವಿನ ವಿಷಯ ಏನಂದ್ರೆ ನಮ್ಮಲ್ಲೇ ಬೇರೊಂದು ದಾರಿ ಇತ್ತು. ಟಿಬೆಟ್ ನಿರಾಶ್ರಿತರ ಪುನರ್ವಸತಿಗೆ ಅಂತ 1968ರಲ್ಲಿ ಹುಟ್ಟಿದ ಕರ್ನಾಟಕದ ಸಂಸ್ಥೆ ಮೈರಾಡ, ಎಂಬತ್ತರ ದಶಕದಲ್ಲಿ ದೊಡ್ಡ ಸಹಕಾರ ಸಂಘಗಳಿಂದ ಮುರಿದು ಬಂದ ಸಣ್ಣ ಗುಂಪುಗಳನ್ನ ಗಮನಿಸ್ತು. ಒಬ್ಬರನ್ನೊಬ್ಬರು ನಂಬೋ ಹತ್ತಿಪ್ಪತ್ತು ಜನ, ತಮ್ಮದೇ ಉಳಿತಾಯ, ತಮ್ಮದೇ ಲೆಕ್ಕದ ಪುಸ್ತಕ. 1987ರಲ್ಲಿ ನಬಾರ್ಡ್ (ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) ಇದಕ್ಕೆ 10 ಲಕ್ಷ ರೂಪಾಯಿ ಕೊಡ್ತು, 1992ರಲ್ಲಿ ಇಂಥ ಗುಂಪುಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ದೇಶಮಟ್ಟದಲ್ಲಿ ಶುರುವಾಯ್ತು. ನಮ್ಮ ಊರೂರಲ್ಲಿರೋ ಸ್ವಸಹಾಯ ಸಂಘದ ಬೇರುಗಳಲ್ಲಿ ಒಂದು ಅದು.

ಊರಿಗೆ ಹತ್ತಿರವಿದ್ದು ಕೆಲಸ ಮಾಡೋ ಸಣ್ಣ ಸಂಸ್ಥೆಗಳಿಗೆ ಈಗ ದುಡ್ಡು ಹರಿಯೋ ದಾರಿಗಳು ಮುಚ್ಚಿಕೊಳ್ತಿವೆ. 2016ರಲ್ಲಿ ಇಸ್ತಾಂಬುಲ್‌ನ ವಿಶ್ವ ಮಾನವೀಯ ನೆರವಿನ ಸಮಾವೇಶದಲ್ಲಿ ದೊಡ್ಡ ದಾನಿ ದೇಶಗಳು, ಪರಿಹಾರ ನಿಧಿಯ ಕಾಲುಭಾಗ 2020ರೊಳಗೆ ಸ್ಥಳೀಯರ ಕೈಗೆ ಅಂತ ಮಾತು ಕೊಟ್ರು. ಅದರ ಹತ್ತಿರಕ್ಕೂ ಬರಲಿಲ್ಲ. ನಮ್ಮಲ್ಲಿ 2020ರ ವಿದೇಶಿ ದೇಣಿಗೆ ಕಾಯ್ದೆಯ ತಿದ್ದುಪಡಿ, ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನ ಸಣ್ಣ ಸಂಸ್ಥೆಗೆ ದಾಟಿಸೋದನ್ನೇ ನಿಲ್ಲಿಸ್ತು. ಲೆಕ್ಕ ಕೇಳೋದು ಸರ್ಕಾರದ ಹಕ್ಕು, ನಾನೂ ಒಪ್ತೀನಿ. ಆದ್ರೆ ತಾಲ್ಲೂಕಿನಲ್ಲಿ ಕೂತು, ಯಾರ ಮನೆಯಲ್ಲಿ ಮಗುವಿಗೆ ಜ್ವರ ಅಂತ ತಿಳಿದಿರೋ ಪುಟ್ಟ ಸಂಘ ದೆಹಲಿಯ ಕಾಗದಪತ್ರ ನಿಭಾಯಿಸಬಲ್ಲದಾ? ಅದನ್ನ ಸೋಸಿ ಹೊರಗೆ ಹಾಕಿದ ಮೇಲೆ ಉಳಿಯೋದು ವರದಿ ಚೆನ್ನಾಗಿ ಬರೆಯೋರು.

2025ರಲ್ಲಿ ಅಮೆರಿಕ ತನ್ನ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನೇ ಮುಚ್ಚಿತು. ಎಷ್ಟೋ ದೇಶಗಳಲ್ಲಿ ಕಾರ್ಯಕ್ರಮಗಳು ರಾತ್ರೋರಾತ್ರಿ ನಿಂತವು, ಔಷಧ ನಿಂತಿತು, ಕೆಲಸಗಾರರು ಮನೆಗೆ ಹೋದ್ರು. ಬಾಂಗ್ಲಾದೇಶಕ್ಕೂ ಪೆಟ್ಟು ಬಿತ್ತು. ಆದ್ರೆ 1980ರಲ್ಲಿ ಇಪ್ಪತ್ತು ವರ್ಷದ ತಾಯಿಯಾಗಿ ಅಂಗಳದಲ್ಲಿ ಕೂತು ಕಲಿತವಳಿಗೆ ಈಗ ಅರವತ್ತೈದರ ಆಸುಪಾಸು. ಮೊಮ್ಮಗುವಿಗೆ ಹೊಟ್ಟೆ ಕೆಟ್ಟರೆ ಪೊಟ್ಟಣ ಅಂಗಡಿಯಲ್ಲಿ ಸಿಗುತ್ತೆ. ಸಿಗದ ದಿನ ಅವಳಿಗೆ ಉಪ್ಪು ಎಷ್ಟು, ಬೆಲ್ಲ ಎಷ್ಟು ಅಂತ ಗೊತ್ತು.