ಸೊಳ್ಳೆ ಮೇಲೆ ಬರುವ ಹುಳ, ಗಾಯಕ್ಕೆ ಬೀಳುವ ಹುಳ

ಕೇಳುಗರೆಲ್ಲರಿಗೂ ನಮಸ್ಕಾರ.

ದನ ಸಾಕಿದವರಿಗೆ ಗಾಯಕ್ಕೆ ಹುಳ ಬೀಳುವುದು ಹೊಸದಲ್ಲ. ಬಹಳಷ್ಟು ನೊಣಗಳ ಮರಿಗಳಿಗೆ ಕೊಳೆತ ಮಾಂಸ ಸಾಕು. ಬದುಕಿರುವ ಮೈಯೇ ಬೇಕು ಅನ್ನುವ ನೊಣಗಳೂ ಇವೆ. ಅಮೆರಿಕ ಖಂಡಗಳ ಅಂಥ ಎರಡು ನೊಣಗಳ ಮಾತು ಇವತ್ತು.

ಒಂದು, ಬಾಟ್ ನೊಣ. ಮೆಕ್ಸಿಕೋದಿಂದ ಅರ್ಜೆಂಟೀನಾದ ಉತ್ತರದವರೆಗೆ ಇದರ ಓಡಾಟ. ಮೊಟ್ಟೆ ಇಡಲು ಇದು ನಮ್ಮ ಮೈಮೇಲೆ ಕೂರುವುದೇ ಇಲ್ಲ. ಒಂದು ಸೊಳ್ಳೆಯನ್ನು ಹಿಡಿದು, ಅದರ ಹೊಟ್ಟೆಗೆ ಮೊಟ್ಟೆ ಅಂಟಿಸಿ ಬಿಟ್ಟುಬಿಡುತ್ತದೆ. ಸೊಳ್ಳೆ ರಕ್ತ ಹೀರಲು ಕೂತಾಗ ಮೈಯ ಬಿಸಿ ತಾಗುತ್ತದೆ, ಮೊಟ್ಟೆಯೊಡೆದ ಮರಿ ಚರ್ಮದೊಳಗೆ ಇಳಿಯುತ್ತದೆ. ಕುರುವಿನಂಥ ಗಂಟು, ನಡುವೆ ಉಸಿರಾಡಲು ಸಣ್ಣ ತೂತು. ಗಂಟಿಗೊಂದೇ ಹುಳ. ಎಳೆದರೆ ಬರುವುದಿಲ್ಲ, ಮೈಸುತ್ತ ಮುಳ್ಳು. ತೂತಿಗೆ ವ್ಯಾಸಲೀನ್ ಮೆತ್ತಿದರೆ ಉಸಿರು ಕಟ್ಟಿ ಮೇಲೆ ಬರುತ್ತದೆ. ಸುಮ್ನೆ ಬಿಟ್ಟರೂ ಕೆಲವು ವಾರಗಳಲ್ಲಿ ತಾನೇ ಉದುರಿ ಮಣ್ಣು ಸೇರುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ, ಆದರೆ ಜೀವ ಹೋಗುವುದು ಅಪರೂಪ.

ನಾನು ಹೆದರುವುದು ಇನ್ನೊಂದಕ್ಕೆ. ಅದು ಸ್ಕ್ರೂವರ್ಮ್. ಈ ನೊಣದ ಮರಿಹುಳ ಸ್ಕ್ರೂ ತಿರುಗಿಸಿದ ಹಾಗೆ ಮಾಂಸ ಕೊರೆದುಕೊಂಡು ಹೋಗುತ್ತದೆ. ಉಣ್ಣೆ ಕಚ್ಚಿದ ಗಾಯವೋ, ಆಗತಾನೆ ಹುಟ್ಟಿದ ಕರುವಿನ ಹೊಕ್ಕುಳೋ ಸಿಕ್ಕರೆ ಸಾಕು. ಒಂದೇ ಸಲಕ್ಕೆ 200-300 ಮೊಟ್ಟೆ, ಒಂದು ದಿನದೊಳಗೆ ಮರಿ. ಗಾಯ ನಾರತೊಡಗಿದರೆ ಆ ವಾಸನೆಗೆ ಇನ್ನಷ್ಟು ನೊಣ. ಮದ್ದು ಮಾಡದಿದ್ದರೆ ದೊಡ್ಡ ಹಸುವೂ ಸಾಯುತ್ತದೆ. ಮನುಷ್ಯರನ್ನೂ ಬಿಡುವುದಿಲ್ಲ, ಇದರ ಲ್ಯಾಟಿನ್ ಹೆಸರಿನ ಅರ್ಥವೇ ನರಭಕ್ಷಕ. ಇದರ ದಾಯಾದಿಯೊಂದು ನಮ್ಮ ದೇಶದಲ್ಲೂ ಇದೆ, ಕ್ರೈಸೋಮಿಯಾ ಬೆಜಿಯಾನಾ ಅಂತ.

ಇಂಥ ನೊಣಕ್ಕೂ ಒಂದು ಬಲಹೀನತೆ ಇದೆ ನೋಡಿ. ಹೆಣ್ಣು ಸಾಮಾನ್ಯವಾಗಿ ಬದುಕಿನಲ್ಲಿ ಒಂದೇ ಸಲ ಗಂಡನ್ನು ಕೂಡುತ್ತದೆ. ಎಡ್ವರ್ಡ್ ನಿಪ್ಲಿಂಗ್ ಮತ್ತು ರೇಮಂಡ್ ಬುಶ್ಲ್ಯಾಂಡ್ ಎಂಬ ವಿಜ್ಞಾನಿಗಳು ಇದನ್ನೇ ಹಿಡಿದುಕೊಂಡರು. ವಿಕಿರಣದಿಂದ ಸಂತಾನಶಕ್ತಿ ಕಳೆದ ಗಂಡುಗಳನ್ನು ರಾಶಿರಾಶಿ ಹಾರಿಬಿಟ್ಟರೆ? ಹೆಣ್ಣು ಮೊಟ್ಟೆಯಿಡುತ್ತದೆ, ಮರಿ ಆಗುವುದಿಲ್ಲ. ನೊಣ ಓಡಿಸಲು ನೊಣವನ್ನೇ ಸಾಕಿದರು, ತಮಾಷೆ ಅಲ್ವಾ? 1954ರಲ್ಲಿ ಕ್ಯುರಸಾವ್ ದ್ವೀಪದಲ್ಲಿ ಇದು ಗೆದ್ದಿತು. ಆಮೇಲೆ ಅಮೆರಿಕ, ಮೆಕ್ಸಿಕೋ, ಕೊನೆಗೆ ಪನಾಮಾದವರೆಗೆ ಈ ನೊಣವನ್ನು ತೆಂಕಣಕ್ಕೆ ತಳ್ಳುತ್ತಾ ಹೋದರು. ಪನಾಮಾದ ಕಾಡಿನ ಮೇಲೆ ವಿಮಾನದಿಂದ ನೊಣ ಸುರಿಯುತ್ತಲೇ ಇದ್ದರು, ಬೇಲಿ ಕಾಯುವ ಹಾಗೆ.

2023ರಲ್ಲಿ ಆ ಬೇಲಿ ಮುರಿಯಿತು. 2024ರ ನವೆಂಬರ್‌ನಲ್ಲಿ ಸ್ಕ್ರೂವರ್ಮ್ ಮತ್ತೆ ಮೆಕ್ಸಿಕೋದ ಹಸುವಿನ ಮೈಯಲ್ಲಿ ಕಾಣಿಸಿಕೊಂಡಿತು. ಮರುವರ್ಷವೇ ಅಮೆರಿಕ ಸರ್ಕಾರ ಟೆಕ್ಸಸ್‌ನಲ್ಲಿ ಹೊಸದೊಂದು ನೊಣದ ಕಾರ್ಖಾನೆ ಕಟ್ಟುವುದಾಗಿ ಹೇಳಿತು.

ನಮಸ್ಕಾರ.