ಸಭೆಯ ಪ್ರಾರ್ಥನೆ ಯಾರದು?

ಫಾದರ್, ಸಭಾಪಾಲಕರೇ, ಸಿಸ್ಟರ್‌ಗಳೇ, ದಾವಣಗೆರೆಯ ಬೇರೆ ಬೇರೆ ಚರ್ಚುಗಳಿಂದ ಬಂದಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಎಲ್ಲರಿಗೂ ನಮಸ್ಕಾರ.

ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯದ ಪ್ರಾರ್ಥನಾ ವಾರ. ಒಟ್ಟಿಗೆ ಕೂತಿದ್ದೇವೆ. ಹಾಗಾಗಿ ಒಟ್ಟಿಗೆ ಪ್ರಾರ್ಥಿಸುವುದರ ಬಗ್ಗೆಯೇ ಮಾತಾಡುತ್ತೇನೆ. ಮನೆಯಲ್ಲೇ ಪ್ರಾರ್ಥನೆ ಮಾಡಬಹುದಲ್ಲ, ಚರ್ಚಿಗೆ ಯಾಕೆ ಬರಬೇಕು ಅಂತ ನಮ್ಮ ಹುಡುಗರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸಿ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ.

ಆದರೆ ಬೈಬಲಿನ ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ನೋಡಿ. ರಾಜ ಹೆರೋದ ಯೇಸುವಿನ ಶಿಷ್ಯ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ್ದಾನೆ. ಈಗ ಇನ್ನೊಬ್ಬ ಶಿಷ್ಯ ಪೇತ್ರ ಜೈಲಿನಲ್ಲಿದ್ದಾನೆ. ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ರಾತ್ರಿ ಬಹಳ ಜನ ಸೇರಿ ಪ್ರಾರ್ಥಿಸುತ್ತಿದ್ದಾರೆ. ಬಿಡುಗಡೆಯಾದ ಪೇತ್ರ ಬಂದು ಬಾಗಿಲು ತಟ್ಟುತ್ತಾನೆ. ರೋದೆ ಎಂಬ ಕೆಲಸದ ಹುಡುಗಿ ಅವನ ದನಿ ಗುರುತು ಹಿಡಿಯುತ್ತಾಳೆ. ಸಂತೋಷದಲ್ಲಿ ಬಾಗಿಲು ತೆಗೆಯುವುದನ್ನೂ ಬಿಟ್ಟು ಒಳಗೆ ಓಡುತ್ತಾಳೆ. ಒಳಗಿದ್ದವರು ನಿನಗೆ ಹುಚ್ಚು ಅನ್ನುತ್ತಾರೆ! ಯಾರಿಗಾಗಿ ಬೇಡುತ್ತಿದ್ದರೋ ಅವನೇ ಬಂದರೂ ನಂಬಲಿಲ್ಲ. ಅವರ ನಂಬಿಕೆ ಇದ್ದದ್ದೇ ಅಷ್ಟು. ಯಾಕೋಬನನ್ನು ಕಳಕೊಂಡ ದುಃಖ ಬೇರೆ. ಆದರೂ ಎದ್ದು ಹೋಗಲಿಲ್ಲ, ಒಬ್ಬರ ಪಕ್ಕ ಒಬ್ಬರು ಕೂತಿದ್ದರು. ಇವತ್ತಿಗೂ ಮಗು ಕಳಕೊಂಡ ತಾಯಿ ಭಾನುವಾರ ಬಾಯಿ ತೆರೆಯಲಾಗದೆ ಕೂತರೆ, ಸುತ್ತ ಇರುವವರು ಅವಳ ಪಾಲಿನ ಮಾತನ್ನೂ ದೇವರಿಗೆ ಹೇಳುತ್ತಾರೆ. ಕೋಣೆಯ ಪ್ರಾರ್ಥನೆ ಬೇಕೇ ಬೇಕು. ಈ ಆಸರೆ ಮಾತ್ರ ಸಭೆಯಲ್ಲೇ ಸಿಗುವುದು.

ಸುಮಾರು ಕ್ರಿ.ಶ. 155ರಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಬರಹಗಾರ ಜಸ್ಟಿನ್ ಆಗಿನ ಭಾನುವಾರದ ಕೂಟದ ಬಗ್ಗೆ ಬರೆದಿಟ್ಟಿದ್ದಾನೆ. ಓದು, ಉಪದೇಶ, ಆಮೇಲೆ ಎಲ್ಲರೂ ಎದ್ದು ನಿಂತು ಪ್ರಾರ್ಥನೆ. ಮುಂದೆ ರೋಮನ್ ಕಥೋಲಿಕರ ಪೂಜೆಯಲ್ಲಿ ಜನರ ಈ ಬಿನ್ನಹ ನೂರಾರು ವರ್ಷ ಹೆಚ್ಚುಕಮ್ಮಿ ಮರೆಯಾಯಿತು. ಗುಡ್ ಫ್ರೈಡೇ ದಿನ ಉಳಿದುಕೊಂಡಿತ್ತು, ಅಷ್ಟೇ. 1963ರ ಡಿಸೆಂಬರ್‌ನಲ್ಲಿ ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ ಅದನ್ನು ವಾಪಸ್ ತರಲು ಹೇಳಿತು, ಜನರ ಭಾಷೆಗೂ ಜಾಗ ಕೊಟ್ಟಿತು. ಅದಕ್ಕೂ ಮುಂಚೆ, 1947ರಲ್ಲಿ ಹುಟ್ಟಿದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ ಅಂಗೈಯಿಂದ ಅಂಗೈಗೆ ಸಮಾಧಾನ ಹಂಚುವ ಹಳೆಯ ಪದ್ಧತಿಯನ್ನು ತನ್ನ ಆರಾಧನೆಗೆ ತಂದಿತ್ತು.

ಇಷ್ಟು ಕಾಲದ ಮೇಲೆ ಜನರ ಕೈಗೆ ಬಂದದ್ದನ್ನು ನಾವು ಏನು ಮಾಡುತ್ತಿದ್ದೇವೆ? ನನಗೆ ನೋವಾಗುವುದು ಇಲ್ಲೇ. ಅಚ್ಚಾದ ನಾಲ್ಕು ಸಾಲು ಓದಿ ಮುಗಿಸುತ್ತೇವೆ. ಲೋಕದ ಬಡವರಿಗಾಗಿ ಅನ್ನುತ್ತೇವೆ. ಯಾರು ಅವರು? ಭದ್ರಾ ನಾಲೆಯ ಕೊನೆಗೆ ನೀರು ಬಾರದೆ ಭತ್ತ ಒಣಗಿಸಿಕೊಂಡವರು, ಮೆಕ್ಕೆಜೋಳದ ರೇಟು ಬಿದ್ದು ಎಪಿಎಂಸಿಯಲ್ಲಿ ತಲೆ ಮೇಲೆ ಕೈಹೊತ್ತು ಕೂತವರು, ಚಳ್ಳಕೆರೆ ಕಡೆ ಶೇಂಗಾ ಬಿತ್ತಿ ಮುಗಿಲು ನೋಡುವವರು. ಅವರಲ್ಲಿ ನಮ್ಮ ಸಭೆಯವರು ಕಮ್ಮಿ ಇರಬಹುದು. ಇರಲಿ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಎಲ್ಲ ಧರ್ಮದವರೂ ಬಂದು ಮೇಣದಬತ್ತಿ ಹಚ್ಚುತ್ತಾರೆ. ಅವರ ಕಷ್ಟ ನಮ್ಮ ಭಾನುವಾರದ ಬಾಯಲ್ಲಿ ಬರಬಾರದೇ? ಕೃತಜ್ಞತೆಯೂ ಹಾಗೇ. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಮಳೆಗಾಗಿ ಬೇಡುವ ಸಭೆ ಅಂಥ ದಿನ ಆ ಕೆರೆಯ ಹೆಸರು ಹೇಳಿಯೇ ಸ್ತೋತ್ರ ಸಲ್ಲಿಸಬೇಕು.

ಒಂದು ಎಚ್ಚರ ಇರಲಿ. ಕಾಯಿಲೆ ಬಿದ್ದವರ ಹೆಸರು ಹೇಳುವ ಮುಂಚೆ ಅವರನ್ನು ಕೇಳಿ. ಮೈಕಿನಲ್ಲಿ ಹೇಳಿದ್ದು ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ, ಅಲ್ವಾ?

ಮಾರ್ಚಿನ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ. ವರ್ಷಕ್ಕೊಂದು ದೇಶದ ಹೆಂಗಸರು ತಮ್ಮ ಕಷ್ಟಸುಖ ಇಟ್ಟುಕೊಂಡು ಪ್ರಾರ್ಥನೆ ಬರೆಯುತ್ತಾರೆ. ಎಷ್ಟೋ ದೇಶಗಳ ಸಭೆಗಳು ಅದನ್ನೇ ಹೇಳುತ್ತವೆ. ಈ ಸಲ ಅದರ ಜೊತೆಗೆ ದಾವಣಗೆರೆಯದ್ದೂ ಒಂದು ಪುಟ ಸೇರಿಸೋಣ. ನರ್ಸುಗಳು, ರೈತರು, ಕಾಲೇಜಿನ ಹುಡುಗರು ಕೂತು ಬರೆಯಲಿ, ಓದುವವರೂ ಅವರೇ ಆಗಲಿ. ಬರೆಯಲು ಮನಸ್ಸಿದ್ದವರು ಈಗ ಟೀ ಹೊತ್ತಿನಲ್ಲಿ ಹೆಸರು ಕೊಡಿ.