ಫಿಟ್ಸ್ ನಿಂತ ಮೇಲಿನ ಕೆಲವು ನಿಮಿಷ

ಕೇಳುಗರಿಗೆ ನಮಸ್ಕಾರ.

ಮೂರ್ಛೆರೋಗದ ಮಾತ್ರೆಯನ್ನು ಯಾರಿಗೂ ಕಾಣದಂತೆ ನುಂಗುವವರು ನಮ್ಮ ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ಪಿಜಿಯಲ್ಲಿ ಒಂದೇ ಕೋಣೆಯಲ್ಲಿರುವವರಿಗೂ ವಿಷಯ ಗೊತ್ತಿರುವುದಿಲ್ಲ. ಮದುವೆ ಮಾತುಕತೆ ಶುರುವಾದರೆ ಸಾಕು, ಮನೆಯವರೇ "ಇನ್ನು ಮಾತ್ರೆ ಬಿಟ್ಟುಬಿಡು" ಅನ್ನುವುದುಂಟು. ಇದು ಜೀವಕ್ಕೇ ಎರವಾಗಬಹುದು, ಅದಕ್ಕೇ ಈ ಮಾತು.

ಮೂರ್ಛೆರೋಗ ಇರುವ ವಯಸ್ಕರಲ್ಲಿ ವರ್ಷಕ್ಕೆ ಸುಮಾರು 1,000ಕ್ಕೆ ಒಬ್ಬರು ಹಠಾತ್ತನೆ ತೀರಿಕೊಳ್ಳುತ್ತಾರೆ, ಹೆಚ್ಚಾಗಿ ರಾತ್ರಿ ಹೊತ್ತು, ಒಬ್ಬರೇ ಮಲಗಿದ್ದಾಗ. ಬೆಳಿಗ್ಗೆ ನೋಡಿದರೆ ಹಲವರು ಬೋರಲು ಬಿದ್ದಿರುತ್ತಾರೆ. ಮರಣೋತ್ತರ ಪರೀಕ್ಷೆಯಲ್ಲಿ ಬೇರೆ ಕಾರಣ ಸಿಗುವುದಿಲ್ಲ. ವೈದ್ಯರು ಇದನ್ನು 'ಸುಡೆಪ್' ಎನ್ನುತ್ತಾರೆ.

ಆಸ್ಪತ್ರೆಯಲ್ಲಿ ಮಿದುಳಿನ ಅಲೆ, ಹೃದಯಬಡಿತ ದಾಖಲಾಗುತ್ತಿದ್ದಾಗಲೇ ನಡೆದ ಇಂಥ ಸಾವುಗಳ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಇಡೀ ಮೈ ಸೆಟೆದು ಅದುರುವ ಫಿಟ್ಸ್ ನಿಂತ ಕೆಲವೇ ನಿಮಿಷಗಳಲ್ಲಿ ಮೊದಲು ಉಸಿರು ನಿಂತಿತ್ತು, ಆಮೇಲೆ ಹೃದಯ.

ನಾವು ದಿಂಬಿಗೆ ಮುಖ ಒತ್ತಿ ಮಲಗಿದೆವು ಅನ್ನಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮಿದುಳಿನ ಬುಡದ ಮಿದುಳುಕಾಂಡದಲ್ಲಿರುವ, ಸೆರೊಟೋನಿನ್ ಎಂಬ ರಾಸಾಯನಿಕದ ಮೂಲಕ ಸಂದೇಶ ಕಳಿಸುವ ನರಕೋಶಗಳು ಅದನ್ನು ಗುರುತಿಸಿ ಎಚ್ಚರಿಸುತ್ತವೆ, ನಿದ್ದೆಗಣ್ಣಲ್ಲೇ ತಲೆ ಹೊರಳಿಸುತ್ತೇವೆ. ಜೋರು ಫಿಟ್ಸ್ ಆದ ಮೇಲೆ ಈ ಕೋಶಗಳು ಮಂಕಾಗುತ್ತವೆ ಎಂಬುದು ಪ್ರಾಣಿಗಳಲ್ಲಿ ಕಂಡಿದೆ. ಫಿಟ್ಸ್ ನಿಲ್ಲಿಸಲು ಮಿದುಳೇ ಸುರಿಸುವ ಅಡಿನೋಸಿನ್ ಎಂಬ ರಾಸಾಯನಿಕ ಉಸಿರಾಟದ ಕೇಂದ್ರವನ್ನೂ ಅದುಮುತ್ತದೆ ಎಂಬ ಅನುಮಾನವೂ ಇದೆ. ಸೆರೊಟೋನಿನ್ ಹೆಚ್ಚಿಸುವ ಔಷಧ ಕೊಟ್ಟಾಗ ಇಲಿಗಳಲ್ಲಿ ಉಸಿರು ನಿಲ್ಲುವುದು ತಪ್ಪಿದೆ. ಮನುಷ್ಯರಲ್ಲಿ ಇದು ಸಾಬೀತಾಗಿಲ್ಲ. ದಯವಿಟ್ಟು ಯಾರೂ ತಾವಾಗಿ ಅಂಥ ಮಾತ್ರೆ ಶುರು ಮಾಡಬೇಡಿ.

ಈಗ ನಮ್ಮ ಕೈಯಲ್ಲಿರುವುದು ಫಿಟ್ಸ್ ಬಾರದಂತೆ ನೋಡಿಕೊಳ್ಳುವುದು. ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಬೇಡಿ. ನೈಟ್ ಶಿಫ್ಟ್ ಮಾಡುವವರು, ನಿದ್ದೆಗೆಟ್ಟರೆ ಫಿಟ್ಸ್ ಬರುತ್ತದೆ ಎಂದು ಕಚೇರಿಯಲ್ಲಿ ವೈದ್ಯರ ಚೀಟಿ ತೋರಿಸಿ ಕೇಳಿಕೊಳ್ಳಿ. ಗೊತ್ತಾದರೆ ಕೋಣೆ ಬಿಡಿಸಿಯಾರು ಎಂಬ ಭಯ ಸುಳ್ಳಲ್ಲ. ಆದರೂ ಪಕ್ಕದ ಮಂಚದವರೊಬ್ಬರಿಗಾದರೂ ಹೇಳಿ.

ಆ ಪಕ್ಕದ ಮಂಚದವರೇ, ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಹಿಡಿಯುವುದರಿಂದ ಏನೂ ಆಗದು. ಅದುರುವುದು ನಿಂತ ಕೂಡಲೇ ಮಗ್ಗುಲಿಗೆ ಹೊರಳಿಸಿ, ಬಾಯಿ ಮೂಗು ದಿಂಬಿಗೆ ತಾಗದಂತೆ. ಎದೆ ಏರಿಳಿಯುತ್ತಿದೆಯೇ ನೋಡುತ್ತಿರಿ. ಹೆಸರು ಹಿಡಿದು ಕರೆಯಿರಿ, ಭುಜ ತಟ್ಟಿ. ಪೂರ್ತಿ ಪ್ರಜ್ಞೆ ಬರುವವರೆಗೆ ಬಿಟ್ಟು ಹೋಗಬೇಡಿ. ಫಿಟ್ಸ್ 5 ನಿಮಿಷ ದಾಟಿದರೆ ಅಥವಾ ಉಸಿರು ಕಾಣದಿದ್ದರೆ, 108ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೂ ಎದೆ ಒತ್ತುತ್ತಿರಿ.

ಹೊಸೂರು ರಸ್ತೆಯ ನಿಮ್ಹಾನ್ಸ್ ಇರಲಿ, ನಿಮ್ಮ ಬಡಾವಣೆಯ ನರರೋಗ ವೈದ್ಯರಿರಲಿ, ಮುಂದಿನ ಸಲ ಹೋದಾಗ ಸುಡೆಪ್ ವಿಷಯ ನೀವೇ ಎತ್ತಿ. ಅವರಾಗಿ ಹೇಳಲಿ ಎಂದು ಕಾಯಬೇಡಿ.